ಮನೆಯಂಗಳದ ಹಳೆಯ ಮಾವು, ಹಲಸು: ಉಳಿಸಿಕೊಳ್ಳುವ ಬಗೆ

ಕಾಸರಗೋಡಿನ ಕಡಲ ಕರೆಯ ಊರುಗಳಲ್ಲಿ ಮನೆಯೆಂದ ಮೇಲೆ ಪಕ್ಕದಲ್ಲೊಂದು ಹಲಸು, ಹಿತ್ತಲಲ್ಲೊಂದು ಮಾವು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಜ್ಜನ ಕಾಲದಲ್ಲಿ ನೆಟ್ಟ ಇಂಥ ಮರಗಳು ಈಗ ಮಾಡನ್ನು ಮೀರಿ ಬೆಳೆದಿವೆ. ಮಳೆಗಾಲ ಹತ್ತಿರ ಬಂತೆಂದರೆ ಮನೆಯವರಿಗೆ ಅಳುಕು ಹುಟ್ಟುತ್ತದೆ: ಗಾಳಿಗೆ ಮರ ಮನೆಯ ಮೇಲೆ ಬಿದ್ದರೆ ಏನು ಗತಿ? ಆ ಅಳುಕಿನಲ್ಲಿ ಕೆಲವರು ಮರವನ್ನೇ ಕಡಿಸುತ್ತಾರೆ. ಇನ್ನು ಕೆಲವರು ಅದರ ತಲೆ ಕಡಿಸಿ, ಬೋಳು ಮಾಡಿಸಿ ನಿಶ್ಚಿಂತರಾಗುತ್ತಾರೆ. ಮೊದಲನೆಯದರಿಂದ ಐವತ್ತು ಅರುವತ್ತು ವರ್ಷಗಳ ನೆರಳೂ ಫಲವೂ ಒಂದೇ ದಿನದಲ್ಲಿ ಹೋಗುತ್ತದೆ. ಎರಡನೆಯದರಿಂದ ಅಪಾಯವು ಕಡಿಮೆಯಾಗುವ ಬದಲು ಕಾಲಕ್ರಮದಲ್ಲಿ ಹೆಚ್ಚುತ್ತದೆ. ಅದು ಹೇಗೆಂಬುದನ್ನು ತಿಳಿದುಕೊಂಡರೆ ಉಳಿದ ಉಪಚಾರವೆಲ್ಲ ಸುಲಭ.

ಮರದ ಗಾಯ ಮಾಯುವುದಿಲ್ಲ

ನಮ್ಮ ಮೈಯಲ್ಲಿ ಗಾಯವಾದರೆ ಆ ಜಾಗದಲ್ಲಿ ಹೊಸ ಮಾಂಸ ಬಂದು ಕೂಡಿಕೊಳ್ಳುತ್ತದೆ. ಮರಕ್ಕೆ ಆ ಶಕ್ತಿಯಿಲ್ಲ. ಅದು ಗಾಯದ ಸುತ್ತ ಒಳಗೊಳಗೇ ಗೋಡೆ ಕಟ್ಟಿ, ಕೊಳೆತವು ಮುಂದೆ ಹೋಗದಂತೆ ತಡೆದು, ಹೊರಗಿನಿಂದ ಹೊಸ ಮರವನ್ನು ಬೆಳೆಸಿ ಮುಚ್ಚುತ್ತದೆ. ಗಾಯವು ಒಳಗೆ ಹಾಗೆಯೇ ಉಳಿಯುತ್ತದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೋ (1930-2006) ಎಂಬವರು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು.

ಇದರಿಂದ ನಮಗೆ ಬರುವ ಪಾಠ ಎರಡು. ಒಂದು, ಗಾಯ ಚಿಕ್ಕದಾದಷ್ಟೂ ಮರಕ್ಕೆ ಸುಲಭ. ಎರಡು, ಗೋಡೆ ಕಟ್ಟುವುದಕ್ಕೆ ಆಹಾರ ಬೇಕು. ಆ ಆಹಾರ ಎಲೆಯಿಂದಲೇ ಬರಬೇಕು. ತಲೆ ಕಡಿದು ಬೋಳು ಮಾಡಿದ ಮರಕ್ಕೆ ಗಾಯವೂ ದೊಡ್ಡದು, ಆಹಾರವೂ ಇಲ್ಲ. ಕಡಿದ ಮೋಟಿನಿಂದ ಮರುವರ್ಷ ಹತ್ತಾರು ಚಿಗುರುಗಳು ನೆಟ್ಟಗೆ ಏಳುತ್ತವೆ. ಅವುಗಳಿಗೆ ಮರದ ಒಳಗಿನಿಂದ ಬೆಸುಗೆಯಿಲ್ಲ. ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುತ್ತವೆ. ಕೆಲವು ವರ್ಷಗಳಲ್ಲಿ ಅವು ಭಾರವಾಗುವ ಹೊತ್ತಿಗೆ ಕೆಳಗಿನ ಮೋಟು ಕೊಳೆತಿರುತ್ತದೆ. ಮನೆಯ ಮೇಲೆ ಮುರಿದು ಬೀಳುವುದು ಅಂಥ ಕೊಂಬೆಯೇ. ಆಡಿನ ಮೇವಿಗೆಂದು ಹಲಸಿನ ಸೊಪ್ಪನ್ನು ವರ್ಷ ವರ್ಷವೂ ಪೂರ್ತಿ ಸವರುವುದರಿಂದಲೂ ಮರವು ಹೀಗೆಯೇ ಸೊರಗುತ್ತದೆ.

ಕೊಂಬೆ ಕಡಿಯುವ ಕ್ರಮ

ಕೊಂಬೆಯು ಕಾಂಡವನ್ನು ಕೂಡುವಲ್ಲಿ ಬಳೆಯಂತೆ ಕೊಂಚ ಉಬ್ಬಿರುತ್ತದೆ. ಆ ಉಬ್ಬನ್ನು ಮರಕ್ಕೆ ಬಿಟ್ಟು, ಅದರ ಹೊರಅಂಚಿನಲ್ಲಿ ಕೊಯ್ಯಬೇಕು. ಕಾಂಡಕ್ಕೆ ತಾಗಿಸಿ ನುಣ್ಣಗೆ ಕೊಯ್ಯಲೂ ಕೂಡದು, ಒಂದು ಗೇಣು ಮೋಟು ಉಳಿಸಲೂ ಕೂಡದು. ದೊಡ್ಡ ಕೊಂಬೆಯಾದರೆ ಮೂರು ಕೊಯ್ತ ಬೇಕು. ಕಾಂಡದಿಂದ ಒಂದೆರಡು ಅಡಿ ಆಚೆಗೆ ಕೆಳಬದಿಯಿಂದ ಕಾಲುಭಾಗದಷ್ಟು ಮೊದಲ ಕೊಯ್ತ. ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಎರಡನೆಯದು. ಕೊಂಬೆ ಬಿದ್ದ ಮೇಲೆ ಉಳಿದ ಮೋಟನ್ನು ಉಬ್ಬಿನ ಬಳಿ ತೆಗೆಯುವುದು ಮೂರನೆಯದು. ಹೀಗೆ ಮಾಡಿದರೆ ಬೀಳುವ ಕೊಂಬೆಯು ಕಾಂಡದ ಸಿಪ್ಪೆಯನ್ನು ಸುಲಿದುಕೊಂಡು ಹೋಗುವುದಿಲ್ಲ. ಕೊಡಲಿಗಿಂತ ಗರಗಸ ಲೇಸು. ಹಲಸಿನ ಮೇಣ ಅಂಟದಂತೆ ಗರಗಸಕ್ಕೆ ತೆಂಗಿನೆಣ್ಣೆ ಸವರಿಕೊಳ್ಳಬಹುದು.

ಹಸಿ ಎಲೆಯಲ್ಲಿ ಕಾಲುಭಾಗಕ್ಕಿಂತ ಹೆಚ್ಚನ್ನು ಒಂದು ವರ್ಷದಲ್ಲಿ ತೆಗೆಯಬಾರದು. ಮುದಿ ಮರಕ್ಕೆ ಅದೂ ಹೆಚ್ಚೇ. ಹಲಸಿನ ಫಲ ಕಾಂಡದಲ್ಲೂ ದಪ್ಪ ಕೊಂಬೆಗಳಲ್ಲೂ ಬರುವುದರಿಂದ ದೊಡ್ಡ ಕೊಂಬೆ ಹೋದರೆ ಬೆಳೆಯೂ ಹೋಯಿತೆಂದೇ ತಿಳಿಯಬೇಕು.

ಗಾಯಕ್ಕೆ ಡಾಮರು, ಬಣ್ಣ ಬಳಿಯಬೇಕಾಗಿಲ್ಲ. ಅವು ಒಳಗೆ ತೇವವನ್ನು ಕಟ್ಟಿಹಾಕುತ್ತವೆ. ಪೊಟರೆಗೆ ಸಿಮೆಂಟು ತುಂಬುವ ಹಳೆಯ ರೂಢಿಯನ್ನೂ ಈಗ ಬಿಟ್ಟಿದ್ದಾರೆ. ನಮ್ಮ ಕಡೆಯ ಮಳೆಯಲ್ಲಿ ಬೂಷ್ಟಿನ ಬಾಧೆ ಹೆಚ್ಚಾದ ಕಾರಣ ದೊಡ್ಡ ಕೊಯ್ತಕ್ಕೆ ಬೋರ್ಡೋ ಮುಲಾಮು ತೆಳ್ಳಗೆ ಹಚ್ಚಿದರೆ ಸಾಕು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಬಿಡುವವರಿಗೆ ಇದು ಹೊಸತಲ್ಲ. ಮೈಲುತುತ್ತು 100 ಗ್ರಾಂ, ಸುಣ್ಣ 100 ಗ್ರಾಂ, ನೀರು ಒಟ್ಟು 1 ಲೀಟರ್. ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಅರ್ಧರ್ಧ ನೀರಿನಲ್ಲಿ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ದು ಕದಡಬೇಕು. ಕತ್ತಿಯ ಮೊನೆ ಅದ್ದಿದಾಗ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ಅರ್ಥ.

ಯಾವ ಕಾಲದಲ್ಲಿ?

ನಮ್ಮ ಕರಾವಳಿಯಲ್ಲಿ ಚಳಿಯಿಂದ ಮರ ಕೆಡುವುದಿಲ್ಲ, ಎಲೆಯುದುರಿಸಿ ಮಲಗುವುದೂ ಇಲ್ಲ. ಇಲ್ಲಿನ ಕಷ್ಟವೇ ಬೇರೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನಿನಿಂದ ಸಪ್ಟಂಬರಿನೊಳಗೆ. ಡಿಸೆಂಬರಿನಿಂದ ಮೇ ತನಕ ಹೆಚ್ಚುಕಡಿಮೆ ಒಣಗಾಲ. ಆದುದರಿಂದ ಒಣಗಿದ, ಸೀಳಿದ, ಮನೆಯ ಕಡೆಗೆ ವಾಲಿದ ಕೊಂಬೆಗಳನ್ನು ಪತ್ತನಾಜೆಯ ಮೊದಲು ತೆಗೆಸಬೇಕು. ಹಸಿ ಕೊಂಬೆಗಳನ್ನು ಹಗುರ ಮಾಡುವುದಿದ್ದರೆ ಮಳೆಯ ಜೋರು ಇಳಿದ ಮೇಲೆ ಮಾಡುವುದು ಒಳ್ಳೆಯದು. ಆಟಿಯ ಮಳೆಯಲ್ಲಿ ಮಾತ್ರ ಗರಗಸ ಮುಟ್ಟಬಾರದು. ಕರೆಂಟಿನ ತಂತಿ ಹತ್ತಿರವಿದ್ದರೆ ವಿದ್ಯುತ್ ಕಚೇರಿಗೆ ತಿಳಿಸಿ ಲೈನು ನಿಲ್ಲಿಸದೆ ಯಾರನ್ನೂ ಮರ ಹತ್ತಿಸಕೂಡದು.

ಬೇರಿನ ಮೇಲೆ ಕರುಣೆ

ಮರ ಎಷ್ಟು ಎತ್ತರವೋ ಬೇರು ಅಷ್ಟು ಆಳ ಎಂಬ ನಂಬಿಕೆ ನಮ್ಮಲ್ಲಿದೆ. ಇದು ಸರಿಯಲ್ಲ. ನೀರು, ಸಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೂವರೆ ಎರಡು ಅಡಿ ಮಣ್ಣಿನಲ್ಲೇ ಇದ್ದು, ಕೊಂಬೆಯ ನೆರಳನ್ನೂ ದಾಟಿ ಹರಡಿರುತ್ತವೆ. ಮುರಕಲ್ಲಿನ ನೆಲದಲ್ಲಂತೂ ಆಳಕ್ಕೆ ಇಳಿಯಲು ದಾರಿಯೇ ಕಡಿಮೆ. ಅಗೆಯಬಾರದ ಜಾಗಕ್ಕೆ ಒಂದು ಲೆಕ್ಕವಿದೆ: ಕಾಂಡದ ಅಡ್ಡಗಲ ಎಷ್ಟು ಅಂಗುಲವೋ ಸುತ್ತಲೂ ಅಷ್ಟು ಅಡಿ. ಎದೆಮಟ್ಟದಲ್ಲಿ ಸುತ್ತಳತೆ 6 ಅಡಿ, ಅಂದರೆ 72 ಅಂಗುಲವಿದ್ದರೆ ಅಡ್ಡಗಲ ಸುಮಾರು 23 ಅಂಗುಲ. ಸುತ್ತ 23 ಅಡಿ ಕಾಪಾಡಬೇಕು. ಸಣ್ಣ ಹಿತ್ತಲಲ್ಲಿ ಇದು ಪೂರ್ತಿ ಸಾಗದಿರಬಹುದು. ಆದರೆ ಶೌಚದ ಗುಂಡಿ, ಆವರಣದ ಗೋಡೆಯ ಪಾಯ, ನೀರಿನ ಕೊಳವೆಯ ಚರಂಡಿ ಇವುಗಳನ್ನು ಆದಷ್ಟು ದೂರ ಒಯ್ಯಬೇಕು. ಒಂದು ಬದಿಯ ದಪ್ಪ ಬೇರು ಕಡಿದ ಮರ ಮುಂದಿನ ಗಾಳಿಗೆ ಇನ್ನೊಂದು ಬದಿಗೆ ಮಗುಚಬಹುದು.

ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸುವುದು ಈಗ ಎಲ್ಲೆಡೆಯೂ ರೂಢಿ. ಬೇರಿಗೂ ಉಸಿರು ಬೇಕು. ಬುಡದ ಸುತ್ತ ಆರೆಂಟು ಅಡಿಯಾದರೂ ಬರಿಯ ಮಣ್ಣು ಬಿಡಬೇಕು. ಬುಡಕ್ಕೆ ಮಣ್ಣು ಏರಿಸಿ ಕಟ್ಟೆ ಕಟ್ಟಿದರೆ ಸಿಪ್ಪೆ ಕೊಳೆಯುತ್ತದೆ. ಗುಡಿಸಿದ ತರಗೆಲೆಯನ್ನು ಮರದಡಿ ಸುಡುವ ಬದಲು ಮೂರು ನಾಲ್ಕು ಅಂಗುಲ ದಪ್ಪಕ್ಕೆ ಹಾಸಬೇಕು. ಕಾಂಡದಿಂದ ಒಂದು ಗೇಣು ಮಾತ್ರ ಬಿಟ್ಟಿರಬೇಕು. ಹಲಸಿಗೆ ನೀರು ನಿಂತರೆ ಆಗದು. ಬಚ್ಚಲ ನೀರನ್ನು ಅದರ ಬುಡಕ್ಕೆ ಬಿಡಬೇಡಿ.

ಕಾಂಡಕ್ಕೆ ಬಟ್ಟೆ ಒಣಗಿಸುವ ತಂತಿಯನ್ನು ಬಿಗಿದು ಸುತ್ತುವುದೂ ಹಾನಿಯೇ. ಎಲೆಯಲ್ಲಿ ತಯಾರಾದ ಆಹಾರ ಸಿಪ್ಪೆಯ ಒಳಪದರದಲ್ಲಿ ಕೆಳಗಿಳಿಯುತ್ತದೆ. ಕಾಂಡ ದಪ್ಪವಾದಂತೆ ತಂತಿ ಒಳಗೆ ಕಚ್ಚಿ ಆ ದಾರಿಯನ್ನು ಮುಚ್ಚುತ್ತದೆ.

ಶತ್ರುಗಳು

ಮಾವಿನ ಬಂದಳಿಕೆಯನ್ನು ಬರಿಯ ಕೈಯಿಂದ ಕಿತ್ತರೆ ಮತ್ತೆ ಚಿಗುರುತ್ತದೆ, ಏಕೆಂದರೆ ಅದರ ಬೇರು ಕೊಂಬೆಯ ಒಳಗಿದೆ. ಅಂಟಿದ ಜಾಗಕ್ಕಿಂತ ಒಂದು ಅಡಿ ಕೆಳಗೆ ಕೊಂಬೆಯನ್ನೇ ಕೊಯ್ಯಬೇಕು. ಅದರ ಹಣ್ಣನ್ನು ಹಕ್ಕಿ ತಿಂದು ಹರಡುವ ಮೊದಲೇ ಮಾಡಬೇಕು. ಕವಲಿನಲ್ಲಿ ಹುಟ್ಟಿದ ಗೋಳಿ, ಅಶ್ವತ್ಥದ ಸಸಿಗಳನ್ನು ಎಳೆಯದಿರುವಾಗಲೇ ತೆಗೆಯಬೇಕು. ಕರಿಮೆಣಸಿನ ಬಳ್ಳಿಯಿಂದ ಭಯವಿಲ್ಲ. ಅದು ಸಿಪ್ಪೆಯನ್ನು ಹಿಡಿದಿರುತ್ತದೆ, ಮರದ ರಸ ಹೀರುವುದಿಲ್ಲ.

ಮಾವಿನ ಕಾಂಡದ ತೂತಿನಿಂದ ಮರದ ಹುಡಿ ಉದುರುತ್ತಿದ್ದರೆ ಒಳಗೆ ಕಾಂಡ ಕೊರೆಯುವ ಹುಳವಿದೆ. ಕೊಕ್ಕೆ ಮಾಡಿದ ತಂತಿಯಿಂದ ಅದನ್ನು ಎಳೆದು ತೆಗೆದು ತೂತನ್ನು ಮಣ್ಣಿನಿಂದ ಮುಚ್ಚಬೇಕು. ಮಳೆಗಾಲದಲ್ಲಿ ಕೊಂಬೆಯ ಮೇಲೆ ನಸುಗೆಂಪು ಹೊಪ್ಪಳೆ ಕಂಡು ತುದಿ ಬಾಡಿದರೆ ಅದು ಬೂಷ್ಟುರೋಗ. ಒಳ್ಳೆಯ ಭಾಗದವರೆಗೆ ಕೊಯ್ದು ಸುಟ್ಟು, ಕೊಯ್ತಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಇಂಥ ಅಗತ್ಯಕ್ಕೆ ಆಟಿಯ ನಿಯಮ ಅಡ್ಡಿಯಲ್ಲ. ಮಳೆ ಬಿಟ್ಟ ಒಂದು ಹೊತ್ತು ನೋಡಿ ಮಾಡಬಹುದು.

ಇಡುವುದೋ, ಕಡಿಯುವುದೋ?

ಪ್ರತಿ ವರ್ಷ ಎಪ್ರಿಲಿನಲ್ಲಿ ಮರದ ಸುತ್ತ ಒಮ್ಮೆ ನಿಧಾನವಾಗಿ ನಡೆಯಿರಿ. ಬುಡದಲ್ಲಿ ಗಟ್ಟಿ ಅಣಬೆ ಎದ್ದಿದೆಯೇ? ಒಂದು ಬದಿಯ ಮಣ್ಣು ಉಬ್ಬಿ ಬಿರಿದಿದೆಯೇ? ಮರ ಈಚೆಗೆ ವಾಲಿದೆಯೇ? ಕವಲು ಸೀಳಿದೆಯೇ? ಕೊಡತಿಯಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ? ಟೊಳ್ಳಾದ ಮಾತ್ರಕ್ಕೆ ಮರ ಬೀಳುವುದಿಲ್ಲ. ಕೊಳವೆಯೂ ಗಟ್ಟಿಯೇ ತಾನೇ. ಆದರೆ ಸುತ್ತಲಿನ ಒಳ್ಳೆಯ ಮರದ ದಪ್ಪವು ಕಾಂಡದ ಅರ್ಧ ಅಡ್ಡಗಲದ ಮೂರರಲ್ಲಿ ಒಂದು ಪಾಲಿಗಿಂತ ಕಡಿಮೆಯಾದರೆ, ಅಂದರೆ 24 ಅಂಗುಲದ ಕಾಂಡದಲ್ಲಿ 4 ಅಂಗುಲಕ್ಕಿಂತ ಕಡಿಮೆಯಿದ್ದರೆ, ಮನೆಯ ಬಳಿ ಅದನ್ನು ನಂಬುವಂತಿಲ್ಲ. ಮಣ್ಣು ಬಿರಿದು ಹೊಸತಾಗಿ ವಾಲಿದ ಮರವನ್ನು ಮಳೆಗೆ ಮುಂಚೆ ಇಳಿಸುವುದೇ ವಿವೇಕ. ಮಕ್ಕಳು ಮಲಗುವ ಕೋಣೆಗಿಂತ ಯಾವ ಮರವೂ ದೊಡ್ಡದಲ್ಲ.

ಆದರೆ ಈ ಚಿಹ್ನೆಗಳೊಂದೂ ಇಲ್ಲದ ಮರವನ್ನು ಬರಿಯ ಭಯದಿಂದ ಕಡಿಯಬೇಡಿ. ಕೇರಳ ಸರಕಾರ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಸಾರಿದೆ. ಅಂಗಳದಲ್ಲಿರುವುದನ್ನು ಉಳಿಸಿಕೊಳ್ಳುವ ಕೆಲಸ ನಮ್ಮದು. ಕಡಿಯಲೇಬೇಕಾದವರು ಅದೇ ಮಳೆಗಾಲದಲ್ಲಿ ಮನೆಯಿಂದ ಮೂವತ್ತು ಅಡಿಯಾದರೂ ದೂರದಲ್ಲಿ ಎರಡು ಸಸಿ ನೆಡಲಿ. ಮೊಮ್ಮಕ್ಕಳ ಕಾಲಕ್ಕೆ ಅವು ಮರವಾಗಿರುತ್ತವೆ.