ಲೋಹಗಳ ನಡುವಣ ಲೇಪ

ಗಣಕಯಂತ್ರದ ಪ್ರೊಸೆಸರಿನ ಮೇಲೆ, ಅದರ ಶಾಖವನ್ನು ಹೊತ್ತೊಯ್ಯುವ ಹೀಟ್ ಸಿಂಕನ್ನು ಕೂರಿಸುವ ಮುನ್ನ, ಸಿರಿಂಜಿನಿಂದ ತುಸು ಬೂದುಬಣ್ಣದ ಥರ್ಮಲ್ ಪೇಸ್ಟನ್ನು ಹಾಕುವುದು ಬೆಂಗಳೂರಿನ ಎಸ್.ಪಿ. ರೋಡಿನ ರಿಪೇರಿಯವರಿಗೆ ನಿತ್ಯದ ಕೆಲಸ. ಆ ಲೇಪವೇ ತಂಪನ್ನು ಕೊಡುವುದೆಂದು ಭಾವಿಸುವವರು ಅನೇಕರುಂಟು. ವಸ್ತುತಃ ಅದರ ಕರ್ತವ್ಯ ಬೇರೆ. ಕಣ್ಣಿಗೆ ಎಷ್ಟೇ ನುಣುಪಾಗಿ ತೋರುವ ಲೋಹದ ಮೈಯೂ ಸೂಕ್ಷ್ಮದಲ್ಲಿ ಉಬ್ಬುತಗ್ಗುಗಳಿಂದ ಕೂಡಿರುವುದರಿಂದ, ಎರಡು ಲೋಹಗಳನ್ನು ಬಿಗಿಯಾಗಿ ಒತ್ತಿದರೂ ಅವು ಉಬ್ಬಿದೆಡೆಗಳಲ್ಲಿ ಮಾತ್ರ ಪರಸ್ಪರ ಮುಟ್ಟಿ, ಮಿಕ್ಕ ಜಾಗವನ್ನೆಲ್ಲ ಗಾಳಿಗೆ ಬಿಟ್ಟುಕೊಡುತ್ತವೆ. ಆ ಗಾಳಿಯಾದರೋ ಶಾಖವಹನದಲ್ಲಿ ತಾಮ್ರಕ್ಕಿಂತ ಸುಮಾರು 15,000 ಪಟ್ಟು ಹಿಂದೆ. ಗಾಳಿಯನ್ನು ಹೊರದೂಡಿ ತಾನಲ್ಲಿ ನೆಲೆಸುವುದೇ ಲೇಪದ ಕೆಲಸ.

ಇದರ ಮೂಲವನ್ನು ಅರಸಿ ಹೊರಟವರು ಎರಡನೆಯ ಮಹಾಯುದ್ಧದ ವಿಮಾನಗಳವರೆಗೆ ಹೋಗಬೇಕಾಗುತ್ತದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಕಿಪ್ಪಿಂಗ್ ಎಂಬ ರಸಾಯನವಿಜ್ಞಾನಿ ದಶಕಗಳ ಕಾಲ ಅಭ್ಯಸಿಸಿದ, ಆದರೆ ಅವುಗಳ ಭವಿಷ್ಯದ ವಿಷಯದಲ್ಲಿ ತಾನೇ ಹೆಚ್ಚಿನ ಭರವಸೆಯನ್ನಿಡದಿದ್ದ ಸಿಲಿಕಾನಿನ ಸಂಯುಕ್ತಗಳಿಂದಲೇ 1943ರಲ್ಲಿ ಅಮೆರಿಕದ ಡೌ ಕಾರ್ನಿಂಗ್ ಸಂಸ್ಥೆ ಹುಟ್ಟಿತು. ಬಹಳ ಎತ್ತರದಲ್ಲಿ ಹಾರುವ ವಿಮಾನಗಳ ಇಗ್ನಿಷನ್ ವ್ಯವಸ್ಥೆಯಲ್ಲಿ ವಿದ್ಯುತ್ತು ಸೋರದಂತೆ ಕಾಯುವ ಸಿಲಿಕೋನ್ ಗ್ರೀಸು ಅದರ ಮೊದಮೊದಲ ಸರಕು. ಕಾವಿನಲ್ಲಿ ಹರಿದುಹೋಗದೆ, ಚಳಿಯಲ್ಲಿ ಗಡುಸಾಗದೆ ಇರಬಲ್ಲ ಇಂಥ ಗ್ರೀಸಿಗೆ ಮುಂದೆ ಸತುವಿನ ಆಕ್ಸೈಡಿನ ಪುಡಿ ಬೆರೆತಾಗ ಶಾಖವನ್ನು ದಾಟಿಸುವ ಬಿಳಿಯ ಲೇಪ ಸಿದ್ಧವಾಯಿತು. ಪವರ್ ಟ್ರಾನ್ಸಿಸ್ಟರಿಗೂ ಅಲ್ಯುಮಿನಿಯಂ ತಗಡಿಗೂ ನಡುವೆ ಅಭ್ರಕದ ತೆಳುಬಿಲ್ಲೆಯನ್ನಿಟ್ಟು, ಅದರ ಎರಡು ಮಗ್ಗುಲಿಗೂ ಇದನ್ನು ಸವರುವ ವಿದ್ಯೆ ಆಂಪ್ಲಿಫೈಯರ್ ಕೆಲಸಗಾರರಿಗೆ ಗಣಕದವರಿಗಿಂತ ಎಷ್ಟೋ ಮೊದಲೇ ಕರಗತವಾಗಿತ್ತು.

1971ರಲ್ಲಿ ಬಂದ ಇಂಟೆಲ್ 4004 ಪ್ರೊಸೆಸರಿನಲ್ಲಿದ್ದ ಟ್ರಾನ್ಸಿಸ್ಟರುಗಳು 2,300. ಅದಕ್ಕೆ ಹೀಟ್ ಸಿಂಕು ಬೇಕಿರಲಿಲ್ಲ. 1980ರಲ್ಲಿ ಐಬಿಎಂ ತನ್ನ 3081 ಎಂಬ ದೊಡ್ಡ ಗಣಕದಲ್ಲಿ ಚಿಪ್ಪುಗಳನ್ನು ಒತ್ತಾಗಿ ಜೋಡಿಸಿದಾಗ, ಚಿಪ್ಪಿಗೂ ಅದರ ಶಾಖವನ್ನು ಒಯ್ಯುವ ಲೋಹಕ್ಕೂ ನಡುವಣ ಎಡೆಗೆ ಗಾಳಿಗಿಂತ ಸುಮಾರು ಆರು ಪಟ್ಟು ಉತ್ತಮ ವಾಹಕವಾದ ಹೀಲಿಯಮ್ಮನ್ನು ತುಂಬಿತು. ಗಾಳಿಯೆಂಬ ಶತ್ರುವನ್ನು ಸರಿಯಾಗಿ ಗುರುತಿಸಿದ ಆ ಇಂಜಿನಿಯರುಗಳ ವಿವೇಕ ನನಗೆ ಬಹಳ ಮೆಚ್ಚಿಗೆಯಾದದ್ದು. ಮನೆಯ ಮೇಜಿನ ಗಣಕಕ್ಕೆ ಈ ಚಿಂತೆ ತಟ್ಟಿದ್ದು ಇಂಟೆಲ್ 486 ಪ್ರೊಸೆಸರಿನ ಕೊನೆಗಾಲದಲ್ಲಿ; 1993ರ ಪೆಂಟಿಯಂ ಸುಮಾರು 16 ವ್ಯಾಟ್‌ವರೆಗೆ ಶಾಖವನ್ನು ಹೊರಹಾಕತೊಡಗಿದ ಮೇಲೆ ಹೀಟ್ ಸಿಂಕು, ಫ್ಯಾನು, ಲೇಪಗಳು ಗಣಕದ ಅಂಗಗಳೇ ಆದವು.

ಲೇಪವು ಗಾಳಿಗಿಂತ ಹತ್ತಾರು ಪಟ್ಟು ಮೇಲಾದರೂ ತಾಮ್ರಕ್ಕಿಂತ ಬಹಳ ಕೀಳಾದುದರಿಂದ, ಎಷ್ಟು ತೆಳುವಾಗಿದ್ದರೆ ಅಷ್ಟು ಒಳ್ಳೆಯದು. ಆದರೆ ತೆಳುವಾಗುವುದೂ ಸುಲಭವಲ್ಲ. ಅದುಮಿದಾಗ ಲೇಪದೊಳಗಿನ ಕಣಗಳು ಮೂಲೆಯಿಂದ ಮೂಲೆಗೆ ಎಳೆದ ಕರ್ಣರೇಖೆಗಳ ಗುಂಟ ರಾಶಿಬಿದ್ದು, ಮುಂದೆ ಹರಡದಂತೆ ತಾವೇ ಅಡ್ಡನಿಲ್ಲುತ್ತವೆ. ಜ್ಯೂರಿಕ್ಕಿನ ಐಬಿಎಂ ಸಂಶೋಧಕರು ಇದಕ್ಕೆ ಪರಿಹಾರವಾಗಿ, ಎಲೆಯ ನರಗಳಂತೆ ಕವಲೊಡೆಯುವ ಸೂಕ್ಷ್ಮ ಕಾಲುವೆಗಳನ್ನು ಚಿಪ್ಪಿನ ಮುಚ್ಚಳದಲ್ಲಿಯೇ ಕೊರೆದು, ಲೇಪವು ಸಮನಾಗಿ ಹರಡುವಂತೆ ಮಾಡಿದ್ದನ್ನು 2006ರಲ್ಲಿ ಪ್ರಕಟಿಸಿದರು. ಬೆಳ್ಳಿಯ ಪುಡಿ ಬೆರೆತ ಲೇಪಗಳೂ, 2020ರ ಪ್ಲೇಸ್ಟೇಷನ್ 5ರೊಳಗಿನ ದ್ರವಲೋಹವೂ ಶಾಖವನ್ನು ಇನ್ನೂ ಸುಲಭವಾಗಿ ದಾಟಿಸುವ ದಾರಿಯ ಬೇರೆ ಹೆಜ್ಜೆಗಳು. ಗ್ಯಾಲಿಯಂ ಉಳ್ಳ ದ್ರವಲೋಹ ಅಲ್ಯುಮಿನಿಯಮ್ಮನ್ನು ತಿನ್ನುವುದು, ವಿದ್ಯುತ್ತನ್ನೂ ಹರಿಸುವುದು. ಮನೆಯಲ್ಲಿ ಪ್ರಯೋಗಿಸತಕ್ಕ ವಸ್ತು ಅದಲ್ಲ.

ಸಾಧಾರಣ ಲೇಪವು ವರ್ಷಗಳು ಕಳೆದಂತೆ ಒಣಗುತ್ತದೆ. ಬಿಸಿ ಏರಿಳಿದಂತೆಲ್ಲ ಅಂಚಿನಿಂದ ಹೊರಕ್ಕೆ ಜರುಗುತ್ತದೆ. ಆಗ ಫ್ಯಾನು ಬಿಡುವಿಲ್ಲದೆ ಭೋರಿಡುತ್ತದೆ. ಯಂತ್ರವು ಕಾವಿಗಂಜಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಒಡೆಯನು ಅದಕ್ಕೆ ಮುಪ್ಪು ಬಂತೆಂದು ತೀರ್ಮಾನಿಸಿ ಗುಜರಿಗೆ ಹಾಕಲು ಹೊರಡುತ್ತಾನೆ. ದಯವಿಟ್ಟು ಹಾಗೆ ಮಾಡದಿರಿ. ಧೂಳನ್ನು ತೆಗೆಸಿರಿ, ಹಳೆಯ ಲೇಪವನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಪೂರ್ತಿಯಾಗಿ ಒರೆಸಿ, ಮೆಣಸಿನಕಾಳಿನಷ್ಟು ಹೊಸ ಲೇಪವನ್ನು ನಡುವೆ ಇಟ್ಟು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಸಬೇಕು. ಯಂತ್ರವನ್ನು ಬಿಚ್ಚಿ ರೂಢಿಯಿಲ್ಲದವರು ಬಲ್ಲವರ ಕೈಯಲ್ಲಿ ಮಾಡಿಸಲಿ. ಹೊಸದನ್ನು ಕೊಳ್ಳುವ ಮಾತು ಅನಂತರ ಬರಲಿ.