ಕೆಲಸದ ತರಬೇತಿಗೆ ವಿಆರ್ ಹೆಡ್‌ಸೆಟ್: ಕಣ್ಣು, ತಲೆ, ಚರ್ಮ ಜೋಪಾನ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮಕ್ಕಳು ಪದವಿಯನ್ನೋ ಡಿಪ್ಲೊಮಾವನ್ನೋ ಮುಗಿಸಿ ಕೆಲಸಕ್ಕೆಂದು ಬೆಂಗಳೂರಿನ ಬಸ್ ಹತ್ತುವುದು ಹೊಸದೇನಲ್ಲ. ಆದರೆ ಅಲ್ಲಿ ಸಿಗುವ ತರಬೇತಿಯ ರೀತಿ ಬದಲಾಗುತ್ತಿದೆ. ಕೆಲವು ದೊಡ್ಡ ಸಂಸ್ಥೆಗಳಲ್ಲಿ ಹೊಸಬರನ್ನು ತರಗತಿಯಲ್ಲಿ ಕೂರಿಸಿ ಪಾಠ ಹೇಳುವುದರ ಜೊತೆಗೆ, ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕದಂತಹ ಸಾಧನವೊಂದನ್ನು ಕಟ್ಟುತ್ತಾರೆ. ಅದೇ ವಿಆರ್ ಹೆಡ್‌ಸೆಟ್. ಅದನ್ನು ಹಾಕಿದ ಕೆಲವರಿಗೆ ಹತ್ತೇ ನಿಮಿಷದಲ್ಲಿ ತಲೆ ಸುತ್ತುತ್ತದೆ, ಹೊಟ್ಟೆ ತೊಳಸುತ್ತದೆ. ಹೊಸ ಕೆಲಸ, ಹೇಳಿಕೊಳ್ಳಲು ಸಂಕೋಚ. "ಇದು ನನ್ನಿಂದ ಆಗದ ಕೆಲಸ" ಎಂದು ಒಳಗೊಳಗೇ ಕುಗ್ಗುವವರೂ ಉಂಟು. ಹೀಗಾಗುವುದು ಏಕೆ, ಏನು ಮಾಡಬೇಕು, ಸಂಸ್ಥೆಯಿಂದ ಏನನ್ನು ಕೇಳಬಹುದು ಎಂಬುದನ್ನು ಇಲ್ಲಿ ನೋಡೋಣ.

ಇದು ಬಂದದ್ದು ಹೇಗೆ?

ಹೆಡ್‌ಸೆಟ್‌ನ ಒಳಗೆ ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ತೋರಿಸುವ ಪರದೆ ಮತ್ತು ಅದರ ಮುಂದೆ ಮಸೂರಗಳಿರುತ್ತವೆ. ನೀವು ತಲೆ ತಿರುಗಿಸಿದರೆ ಒಳಗಿನ ದೃಶ್ಯವೂ ತಿರುಗುತ್ತದೆ. ಬೇರೆ ಬೇರೆ ಊರುಗಳಲ್ಲಿ ಕುಳಿತವರು ಒಂದೇ ಕೋಣೆಯಲ್ಲಿ ಸಭೆ ಸೇರಿದಂತೆ ಕಾಣುತ್ತದೆ. ಪ್ರತಿಯೊಬ್ಬರ ಬದಲು ಅಲ್ಲಿ ಒಂದು ಗೊಂಬೆಯಂತಹ ರೂಪ ಓಡಾಡುತ್ತದೆ. ಅದಕ್ಕೆ ಅವತಾರ್ ಎನ್ನುತ್ತಾರೆ.

ಇಂತಹ ಕೃತಕ ಲೋಕವನ್ನು ಕೆಲಸಕ್ಕೆ ಬಳಸುವ ಯತ್ನ ಹಳೆಯದು. 2003ರಲ್ಲಿ ಆರಂಭವಾದ ಸೆಕೆಂಡ್ ಲೈಫ್ ಎಂಬ ಲೋಕದಲ್ಲಿ ಐಬಿಎಂ ಸಂಸ್ಥೆ ತನ್ನ ನೌಕರರ ಸಭೆಗಳನ್ನು ನಡೆಸಿತ್ತು. ಆಗ ಅದೆಲ್ಲ ಕಂಪ್ಯೂಟರ್ ಪರದೆಯ ಮೇಲೆಯೇ ನಡೆಯುತ್ತಿತ್ತು. ಮುಂದೆ ಹೆಡ್‌ಸೆಟ್‌ಗಳ ಬೆಲೆ ಇಳಿಯಿತು. ಅಮೆರಿಕದ ವಾಲ್‌ಮಾರ್ಟ್ ತನ್ನ ಮಳಿಗೆಗಳ ನೌಕರರ ತರಬೇತಿಗಾಗಿ 17,000 ಹೆಡ್‌ಸೆಟ್‌ಗಳನ್ನು ಬಳಸುವುದಾಗಿ 2018ರಲ್ಲಿ ಪ್ರಕಟಿಸಿತು. ಬೆಂಗಳೂರಿನಲ್ಲೂ ದೊಡ್ಡ ಕಚೇರಿಗಳಿರುವ ಆಕ್ಸೆಂಚರ್ ಹೊಸ ನೌಕರರ ತರಬೇತಿಗೆಂದು 60,000 ಹೆಡ್‌ಸೆಟ್ ಕೊಳ್ಳುವುದಾಗಿ 2021ರಲ್ಲಿ ಹೇಳಿತು. ನಮ್ಮದೇ ರಾಜ್ಯದ ಇನ್ಫೋಸಿಸ್ 2022ರಲ್ಲಿ ಮೆಟಾವರ್ಸ್ ಫೌಂಡ್ರಿ ಎಂಬ ವಿಭಾಗವನ್ನು ತೆರೆಯಿತು.

ಇದರಿಂದ ಉಪಯೋಗ ಇಲ್ಲವೆಂದಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನೇ ನೋಡಿ. ಅಷ್ಟು ಎತ್ತರದಲ್ಲಿ ಕೆಲಸ ಮಾಡುವವರು ಒಂದು ಹೆಜ್ಜೆ ತಪ್ಪಿದರೆ ಪ್ರಾಣಕ್ಕೇ ಕುತ್ತು. ಹೆಡ್‌ಸೆಟ್‌ನ ಒಳಗೆ ಹತ್ತು ಸಲ ತಪ್ಪಿದರೂ ಯಾರಿಗೂ ಪೆಟ್ಟಾಗುವುದಿಲ್ಲ. ಬೆಂಕಿ ಆರಿಸುವುದು, ವಿದ್ಯುತ್ ದುರಸ್ತಿ, ಶಸ್ತ್ರಚಿಕಿತ್ಸೆಯ ಅಭ್ಯಾಸದಂತಹ ಕೆಲಸಗಳಿಗೆ ಇದು ಒಳ್ಳೆಯ ಸಾಧನ. ಆದರೆ ದಿನವಿಡೀ ಕಟ್ಟಿಕೊಂಡು ಕೂರುವಂಥದ್ದಲ್ಲ.

ತಲೆ ಸುತ್ತುವುದೇಕೆ?

ಹೊಸದುರ್ಗದಿಂದ ಹೊಳಲ್ಕೆರೆಗೆ ಬಸ್ಸಿನಲ್ಲಿ ಹೋಗುವಾಗ ಮೊಬೈಲ್ ಓದುತ್ತಾ ಕುಳಿತರೆ ಕೆಲವರಿಗೆ ವಾಂತಿ ಬಂದಂತಾಗುತ್ತದೆ. ನಮ್ಮ ಒಳಗಿವಿಯಲ್ಲಿ ದೇಹದ ಚಲನೆಯನ್ನು ಅರಿಯುವ ಅಂಗವಿದೆ. ಬಸ್ಸಿನಲ್ಲಿ ಅದು "ನಾವು ಚಲಿಸುತ್ತಿದ್ದೇವೆ" ಎಂದು ಮೆದುಳಿಗೆ ಹೇಳಿದರೆ, ಮೊಬೈಲ್ ನೋಡುತ್ತಿರುವ ಕಣ್ಣು "ಎಲ್ಲವೂ ನಿಂತಿದೆ" ಎನ್ನುತ್ತದೆ. ಹೆಡ್‌ಸೆಟ್‌ನಲ್ಲಿ ಆಗುವುದು ಇದರ ತಿರುವುಮುರುವು. ಕಣ್ಣಿನ ಮುಂದೆ ಲೋಕ ಓಡುತ್ತದೆ, ದೇಹ ಕುರ್ಚಿಯಲ್ಲೇ ಇರುತ್ತದೆ. ಈ ಎರಡು ಸಾಕ್ಷಿಗಳು ತಾಳೆಯಾಗದಿದ್ದಾಗ ತಲೆಸುತ್ತು, ಬೆವರು, ಓಕರಿಕೆ ಬರುತ್ತವೆ. ಇದು ಕಾಯಿಲೆಯಲ್ಲ, ಅಂಜುಬುರುಕತನವೂ ಅಲ್ಲ. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಬಸ್ ಪ್ರಯಾಣದಲ್ಲಿ ವಾಂತಿ ಮಾಡುವವರಿಗೂ ಅರೆತಲೆನೋವು ಇರುವವರಿಗೂ ಇದು ಕಾಡುವ ಸಂಭವ ಹೆಚ್ಚು.

ಮೊದಲ ದಿನ ಐದರಿಂದ ಹತ್ತು ನಿಮಿಷ ಸಾಕು. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರೆ ಹಲವರಿಗೆ ರೂಢಿಯಾಗುತ್ತದೆ. ಕುಳಿತೇ ಅಭ್ಯಾಸ ಮಾಡಿ. ಹೊಟ್ಟೆ ತುಂಬಾ ಉಂಡ ಕೂಡಲೇ ಬೇಡ, ಹಸಿದ ಹೊಟ್ಟೆಯಲ್ಲೂ ಬೇಡ. ಓಕರಿಕೆ ಶುರುವಾದ ಕೂಡಲೇ ಹೆಡ್‌ಸೆಟ್ ತೆಗೆದು, ಕಿಟಕಿಯ ಹೊರಗೆ ದೂರದ ಮರವನ್ನೋ ಕಟ್ಟಡವನ್ನೋ ನೋಡಿ. ಹಲ್ಲು ಕಚ್ಚಿ ಸಹಿಸಿಕೊಂಡರೆ ತೊಂದರೆ ಗಂಟೆಗಟ್ಟಲೆ ಉಳಿಯುತ್ತದೆ. ಪ್ರಯಾಣದ ವಾಂತಿಗೆಂದು ಸಿಗುವ ಮಾತ್ರೆಗಳಲ್ಲಿ ಹಲವು ತೂಕಡಿಕೆ ತರುತ್ತವೆ, ವೈದ್ಯರನ್ನು ಕೇಳದೆ ನುಂಗಬೇಡಿ. ತಲೆ ಪೂರ್ತಿ ತಿಳಿಯಾಗುವವರೆಗೆ ಬೈಕ್ ಹತ್ತಬೇಡಿ.

ಕಣ್ಣಿಗೆ ಆಗುವುದೇನು?

ಸಾಮಾನ್ಯವಾಗಿ ಹತ್ತಿರದ ವಸ್ತುವನ್ನು ನೋಡುವಾಗ ಎರಡೂ ಕಣ್ಣುಗಳು ಒಳಕ್ಕೆ ಹೊರಳುತ್ತವೆ, ಕಣ್ಣಿನೊಳಗಿನ ಮಸೂರವೂ ಅದೇ ದೂರಕ್ಕೆ ಹೊಂದಿಕೊಳ್ಳುತ್ತದೆ. ಹೆಡ್‌ಸೆಟ್‌ನಲ್ಲಿ ವಸ್ತು ಹತ್ತಿರ ಬಂದಂತೆ, ದೂರ ಹೋದಂತೆ ಕಂಡರೂ ಮಸೂರದ ನೋಟ ಮಾತ್ರ ಒಂದೇ ದೂರಕ್ಕೆ ನಿಂತಿರಬೇಕಾಗುತ್ತದೆ. ಈ ಎಳೆದಾಟದಿಂದ ಕಣ್ಣು ಸೋಲುತ್ತದೆ, ಹಣೆ ನೋಯುತ್ತದೆ. ರೆಪ್ಪೆ ಬಡಿಯುವುದು ಕಡಿಮೆಯಾದರೆ ಕಣ್ಣು ಒಣಗಿ ಉರಿಯುತ್ತದೆ.

ಜರ್ಮನಿಯ ಕೋಬುರ್ಗ್ ವಿಶ್ವವಿದ್ಯಾಲಯದವರು ಮುಂದಾಗಿ ನಡೆಸಿದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಅದರಲ್ಲಿ 18 ಮಂದಿ ಒಂದು ವಾರ ದಿನಕ್ಕೆ 8 ಗಂಟೆ ಹೆಡ್‌ಸೆಟ್ ಹಾಕಿ ಕಚೇರಿ ಕೆಲಸ ಮಾಡಲು ಒಪ್ಪಿದ್ದರು. ಅರೆತಲೆನೋವು, ಓಕರಿಕೆ, ಆತಂಕದಿಂದ ಇಬ್ಬರು ಮೊದಲ ದಿನವೇ ಬಿಟ್ಟರು. ಉಳಿದವರಲ್ಲಿ ಕಣ್ಣಿನ ಆಯಾಸ ಮಾಮೂಲಿ ಮೇಜಿನ ಕೆಲಸಕ್ಕಿಂತ ಸುಮಾರು ಶೇ. 48ರಷ್ಟು ಹೆಚ್ಚಿತ್ತು. ಭಾಗವಹಿಸಿದವರು ಕಡಿಮೆ ಎಂಬುದು ನಿಜ. ಆದರೂ ಇಡೀ ದಿನದ ಬಳಕೆ ಸಲ್ಲದು ಎಂಬುದಕ್ಕೆ ಇದು ಸಾಕಷ್ಟು ಎಚ್ಚರಿಕೆ.

ಇನ್ನೊಂದು ಸಂಗತಿ ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಎಲ್ಲರಿಗೂ ಒಂದೇ ಅಲ್ಲ. ವಯಸ್ಕರಲ್ಲಿ ಅದು ಸರಾಸರಿ 63 ಮಿ.ಮೀ. ಆಸುಪಾಸಿನಲ್ಲಿದ್ದು, ಹೆಂಗಸರಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆ. ಹೆಡ್‌ಸೆಟ್‌ನ ಮಸೂರಗಳ ಅಂತರ ಇದಕ್ಕೆ ಹೊಂದದಿದ್ದರೆ ಚಿತ್ರ ಮಸುಕಾಗಿ ಕಣ್ಣುನೋವು, ತಲೆನೋವು ಬರುತ್ತದೆ. ಬಹಳ ಮಾರಾಟವಾದ ಕ್ವೆಸ್ಟ್ 2 ಹೆಡ್‌ಸೆಟ್‌ನಲ್ಲಿ 58, 63, 68 ಮಿ.ಮೀ. ಎಂಬ ಮೂರೇ ಅಳತೆಗಳಿವೆ. ಕನ್ನಡಕದ ಅಂಗಡಿಯಲ್ಲಿ ಈ ಅಂತರವನ್ನು ಅಳೆಯುತ್ತಾರೆ, ಅದನ್ನು ಪಿ.ಡಿ. ಎನ್ನುತ್ತಾರೆ. ಕೆಲಸಕ್ಕೆ ಹೊರಡುವ ಮುನ್ನ ನಿಮ್ಮೂರಲ್ಲೇ ಕಣ್ಣು ಪರೀಕ್ಷೆ ಮಾಡಿಸಿ, ಆ ಅಳತೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ತರಬೇತಿಯ ದಿನ ಮೊದಲು ಮಸೂರಗಳನ್ನು ಆ ಅಳತೆಗೆ ತನ್ನಿ. ಕನ್ನಡಕ ಹಾಕುವವರು ಅದನ್ನು ತೆಗೆದಿಡುವ ಬದಲು, ಕನ್ನಡಕಕ್ಕೆ ಜಾಗ ಬಿಡುವ ಬಿಡಿಭಾಗವನ್ನು ಕೇಳಿ ಪಡೆಯಬೇಕು.

ಎಲ್ಲರ ಮುಖಕ್ಕೂ ಒಂದೇ ಸ್ಪಂಜು ಬೇಡ

ಹೆಡ್‌ಸೆಟ್‌ನ ಅಂಚಿನಲ್ಲಿ ಕಣ್ಣಿನ ಸುತ್ತ ಒತ್ತಿ ಕೂರುವ ಸ್ಪಂಜು ಇರುತ್ತದೆ. ಬೆಳಗಿನಿಂದ ಹತ್ತು ಜನ ಹಾಕಿದರೆ ಹತ್ತು ಜನರ ಬೆವರು, ಎಣ್ಣೆ, ಕಣ್ಣೀರು ಅದರಲ್ಲೇ. 2023ರ ಮಳೆಗಾಲದಲ್ಲಿ ಕರ್ನಾಟಕದಲ್ಲಿ ಕೆಂಗಣ್ಣು ಎಷ್ಟು ಬೇಗ ಹರಡಿತೆಂದು ನಮಗೆ ನೆನಪಿದೆ. ಒಬ್ಬರು ಬಳಸಿದ ಕರವಸ್ತ್ರವನ್ನು ಮತ್ತೊಬ್ಬರು ಮುಟ್ಟಬೇಡಿ ಎಂದು ಆಗ ಹೇಳಿದ ಮಾತು ಈ ಸ್ಪಂಜಿಗೂ ಅನ್ವಯಿಸುತ್ತದೆ. ಚರ್ಮದ ಸೋಂಕುಗಳೂ ಹೀಗೆ ದಾಟಬಲ್ಲವು.

ಸ್ಪಂಜು ಹೊಸದಾಗಿದ್ದರೂ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಕ್ವೆಸ್ಟ್ 2ರ ಸ್ಪಂಜಿನಿಂದ ಮುಖ ಕೆಂಪಾಗಿ ತುರಿಕೆ, ಊತ ಬಂದಿದೆ ಎಂದು ಅಮೆರಿಕದಲ್ಲಿ 5,700ಕ್ಕೂ ಹೆಚ್ಚು ದೂರುಗಳು ಬಂದವು. 2021ರ ಜುಲೈಯಲ್ಲಿ ಅಲ್ಲಿ ಸುಮಾರು 40 ಲಕ್ಷ ಹೆಡ್‌ಸೆಟ್‌ಗಳ ಸ್ಪಂಜಿನ ಭಾಗವನ್ನು ಹಿಂಪಡೆಯುವ ಪ್ರಕಟಣೆ ಹೊರಬಿತ್ತು. ಬಳಕೆದಾರರಿಗೆ ಸಿಲಿಕೋನ್ ಹೊದಿಕೆಯನ್ನು ಉಚಿತವಾಗಿ ಕೊಡಲಾಯಿತು.

ಹೆಡ್‌ಸೆಟ್ ಬಳಸುವಾಗ ಈ ಸ್ವಚ್ಛತೆ ಇರಲಿ:

• ಸಾಧ್ಯವಾದರೆ ಪ್ರತಿಯೊಬ್ಬರಿಗೂ ಬೇರೆ ಮುಖದ ಪ್ಯಾಡ್. ಇಲ್ಲವೇ ಒರೆಸಲು ಬರುವ ಸಿಲಿಕೋನ್ ಹೊದಿಕೆ, ಅದರ ಮೇಲೆ ಒಮ್ಮೆ ಬಳಸಿ ಎಸೆಯುವ ಹೊದಿಕೆ.
• ಒಬ್ಬರಿಂದ ಒಬ್ಬರಿಗೆ ಹೋಗುವ ಮುನ್ನ ಪಟ್ಟಿ, ಪ್ಯಾಡ್, ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗಳನ್ನು ರೋಗಾಣುನಾಶಕ ವೈಪ್ಸ್‌ನಿಂದ ಒರೆಸಿ ಒಣಗಲು ಬಿಡಬೇಕು.
• ಮಸೂರಕ್ಕೆ ಸ್ಯಾನಿಟೈಸರ್ ಬೇಡ. ಕನ್ನಡಕ ಒರೆಸುವ ಒಣ ಮೆದು ಬಟ್ಟೆ ಸಾಕು.
• ಬಿಸಿಲಿಗೆ ಇಡಬೇಡಿ. ಹಾಸಿಗೆ, ದಿಂಬನ್ನು ಬಿಸಿಲಿಗೆ ಹಾಕುವುದು ನಮ್ಮ ಮನೆಗಳ ಒಳ್ಳೆಯ ರೂಢಿ. ಆದರೆ ಹೆಡ್‌ಸೆಟ್‌ನ ಮಸೂರದ ಮೂಲಕ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟುಹೋಗುತ್ತದೆ.
• ಹಾಕುವ ಮುನ್ನವೂ ತೆಗೆದ ಮೇಲೂ ಕೈ, ಮುಖ ತೊಳೆಯಿರಿ. ಮುಖ ಚೆನ್ನಾಗಿ ಒರೆಸಿಕೊಂಡ ಮೇಲೆಯೇ ಹಾಕಿ. ಕಾಡಿಗೆ, ಸುರ್ಮಾ, ಕ್ರೀಮ್ ಹಚ್ಚಿದ್ದರೆ ತೆಗೆದುಬಿಡಿ.
• ಕಣ್ಣು ಕೆಂಪಾಗಿದ್ದರೆ, ಮುಖದಲ್ಲಿ ಗಾಯವೋ ಸೋಂಕೋ ಇದ್ದರೆ ಆ ದಿನ ಹೆಡ್‌ಸೆಟ್ ಬೇಡ.

ತಲೆವಸ್ತ್ರ ಧರಿಸುವ ಹೆಣ್ಣುಮಕ್ಕಳಿಗೆ ಪಟ್ಟಿ ಜಾರುತ್ತದೆ, ಬಿಗಿದರೆ ಪಿನ್ ಒತ್ತುತ್ತದೆ ಎಂಬ ತೊಂದರೆ ಆಗಬಹುದು. ಪಿನ್ ಇಲ್ಲದ, ತೆಳುವಾದ ಹತ್ತಿಯ ವಸ್ತ್ರವನ್ನು ಹಿಂದೆ ದಪ್ಪ ಗಂಟು ಬಾರದಂತೆ ಸುತ್ತಿ, ಅದರ ಮೇಲೆಯೇ ಪಟ್ಟಿ ಹಾಕಿಕೊಳ್ಳಬಹುದು. ವಸ್ತ್ರದ ಅಂಚು ಸ್ಪಂಜಿನ ಕೆಳಗೆ ಸಿಕ್ಕಿಕೊಳ್ಳದಿರಲಿ. ಹೆಡ್‌ಸೆಟ್ ಅರ್ಧ ಕೆ.ಜಿ.ಯಷ್ಟು ತೂಗುವುದರಿಂದ ಪಟ್ಟಿ ಸಡಿಲವಾದರೆ ಭಾರವೆಲ್ಲ ಮೂಗಿನ ಮೇಲೆ ಬಿದ್ದು ಕುತ್ತಿಗೆ ನೋಯುತ್ತದೆ.

ಇವರು ವೈದ್ಯರನ್ನು ಕೇಳಲೇಬೇಕು

ಮೂರ್ಛೆರೋಗ ಇರುವವರು, ಹಿಂದೆ ಎಂದಾದರೂ ಫಿಟ್ಸ್ ಬಂದವರು, ಗರ್ಭಿಣಿಯರು, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು, ಕಿವಿಯ ಸಮತೋಲನದ ತೊಂದರೆ ಇರುವವರು, ಮೆಳ್ಳೆಗಣ್ಣಿನವರು, ಇತ್ತೀಚೆಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾದವರು ವೈದ್ಯರ ಸಲಹೆಯಿಲ್ಲದೆ ಹೆಡ್‌ಸೆಟ್ ಹಾಕಬಾರದು. ಮಿನುಗುವ ಬೆಳಕಿನಿಂದ ಸುಮಾರು 4,000ಕ್ಕೆ ಒಬ್ಬರಿಗೆ ಫಿಟ್ಸ್ ಬರಬಹುದೆಂದು ತಯಾರಕರ ಎಚ್ಚರಿಕೆ ಪತ್ರದಲ್ಲೇ ಬರೆದಿರುತ್ತದೆ. ಹಾಕಿದ ಮೇಲೆ ಎರಡೆರಡು ಕಾಣುವುದು, ವಿಪರೀತ ತಲೆನೋವು ಮರುದಿನವೂ ಉಳಿದರೆ ಕಣ್ಣಿನ ವೈದ್ಯರಿಗೆ ತೋರಿಸಿ.

ಬಾಯಿಬಿಟ್ಟು ಹೇಳಿ

ತರಬೇತಿ ಕೊಡುವವರಿಗೆ ನಿಮ್ಮ ಹೊಟ್ಟೆ ತೊಳಸುವುದು ಕಾಣುವುದಿಲ್ಲ. ಹೆಡ್‌ಸೆಟ್‌ನೊಳಗಿನ ನಿಮ್ಮ ಅವತಾರ್ ಬೆವರುವುದಿಲ್ಲ, ಅದರ ಮುಖ ಬಾಡುವುದಿಲ್ಲ. ನೀವೇ ಹೇಳಬೇಕು. "ನನಗೆ ತಲೆ ಸುತ್ತುತ್ತಿದೆ, ಹತ್ತು ನಿಮಿಷ ಬಿಡುವು ಬೇಕು", "ಈ ಪ್ಯಾಡ್ ಒರೆಸಿ ಕೊಡಿ", "ಇದೇ ಪಾಠವನ್ನು ಕಂಪ್ಯೂಟರ್ ಪರದೆಯಲ್ಲಿ ಕಲಿಯಬಹುದೇ?" ಎಂದು ಕೇಳುವುದು ಸೋಮಾರಿತನವಲ್ಲ. ಹೇಳಲು ಮುಜುಗರವಾದರೆ ಮೊದಲ ದಿನವೇ ಎರಡು ಸಾಲಿನ ಇಮೇಲ್ ಬರೆಯಿರಿ.

ಮನೆಯ ಹಿರಿಯರಿಗೂ ಒಂದು ಮಾತು. ಮಗನೋ ಮಗಳೋ ಫೋನಿನಲ್ಲಿ "ಟ್ರೇನಿಂಗ್‌ನಲ್ಲಿ ತಲೆನೋವು, ವಾಂತಿ" ಎಂದರೆ ನಖರಾ ಎನ್ನಬೇಡಿ, ಕೆಲಸ ಬಿಟ್ಟು ಬಾ ಎಂದೂ ಹೇಳಬೇಡಿ. ಎಷ್ಟು ಹೊತ್ತು ಹಾಕಿದ್ದೆ, ಏನು ತಿಂದಿದ್ದೆ, ಕಣ್ಣಿನ ಅಳತೆ ಸರಿಮಾಡಿಕೊಂಡಿದ್ದೆಯಾ ಎಂದು ಕೇಳಿ. ಬಹುಪಾಲು ತೊಂದರೆ ಹೊತ್ತು ಕಡಿಮೆ ಮಾಡಿ, ಅಳತೆ ಸರಿಪಡಿಸಿ, ಸ್ವಚ್ಛವಾದ ಪ್ಯಾಡ್ ಬಳಸಿದರೆ ಹತೋಟಿಗೆ ಬರುತ್ತದೆ.