ಮೀಟರಿನ ಕೆಂಪು ದೀಪ ಏನು ಹೇಳುತ್ತದೆ?

ತಿಂಗಳಿಗೊಮ್ಮೆ ಮೀಟರ್ ರೀಡರ್ ಬಂದು ಕೈಯಲ್ಲಿನ ಯಂತ್ರದಿಂದ ಉದ್ದನೆಯ ಚೀಟಿಯೊಂದನ್ನು ಹರಿದು ಕೊಟ್ಟು ಹೋಗುತ್ತಾನೆ. ಅಂದು ಸಂಜೆ ಹುಬ್ಬಳ್ಳಿ–ಧಾರವಾಡದ ಅನೇಕ ಮನೆಗಳಲ್ಲಿ ಸಣ್ಣದೊಂದು ವಿಚಾರಣೆ ನಡೆಯುತ್ತದೆ. ಆರೋಪಿಗಳು ಸಾಮಾನ್ಯವಾಗಿ ಓದುವ ಮಕ್ಕಳೇ. “ರಾತ್ರಿ ಹನ್ನೆರಡರ ತನಕಾ ಲೈಟ್ ಹಚ್ಚಿಕೊಂಡು ಕೂತರ ಬಿಲ್ ಬರಲಾರದ ಇರತದೇನು?” ಎಂದು ತಂದೆ ಕೇಳುತ್ತಾರೆ. “ನಿಮ್ಮ ಟಿವಿ ದಿನಾಪೂರ್ತಿ ಹಚ್ಚೇ ಇರತದಲ್ರೀ ಅಪ್ಪಾ” ಎಂದು ಮಗಳು ತಿರುಗಿ ಹೇಳುತ್ತಾಳೆ. ವಾದ ಜೋರಾಗಿಯೇ ನಡೆಯುತ್ತದೆ. ಸಾಕ್ಷಿ ಮಾತ್ರ ಇಬ್ಬರ ಬಳಿಯೂ ಇರುವುದಿಲ್ಲ. ಸಾಕ್ಷಿ ಇರುವುದು ಬಾಗಿಲ ಪಕ್ಕದ ಗೋಡೆಯಲ್ಲಿ, ಮೀಟರಿನ ಪೆಟ್ಟಿಗೆಯೊಳಗೆ.

ಮೊದಲು ಮಗಳ ಮೇಲಿನ ಆರೋಪವನ್ನೇ ನೋಡೋಣ. ಸಾವಿರ ವಾಟ್‌ನ ಒಂದು ಉಪಕರಣ ಒಂದು ಗಂಟೆ ನಡೆದರೆ ಒಂದು ಯೂನಿಟ್. ಓದುವ ಮೇಜಿನ ಮೇಲಿನ ಎಲ್‌ಇಡಿ ಬಲ್ಬು 9 ವಾಟ್‌ನದು. ದಿನಕ್ಕೆ ಆರು ಗಂಟೆ ಉರಿದರೂ 54 ವಾಟ್-ಗಂಟೆ. ಮೂವತ್ತು ದಿನಕ್ಕೆ ಒಂದೂವರೆ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು, ಅಂದರೆ ತಿಂಗಳಿಗೆ ಹತ್ತು ರೂಪಾಯಿಯ ಆಸುಪಾಸು. 60 ವಾಟ್‌ನ ಹಳೆಯ ಬುರುಡೆ ದೀಪದ ಕಾಲದಲ್ಲಿ ತಂದೆಯ ಮಾತಿಗೆ ಅರ್ಥವಿತ್ತು. ಅದು ಇಷ್ಟೇ ಹೊತ್ತಿಗೆ ಸುಮಾರು 11 ಯೂನಿಟ್ ತಿನ್ನುತ್ತಿತ್ತು. ಈಗ ಅಪರಾಧಿಯನ್ನು ಬೇರೆ ಕಡೆ ಹುಡುಕಬೇಕು.

ಚೀಟಿಯಲ್ಲಿ ಏನಿದೆ?

ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಆಯಿತು. 2002ರಲ್ಲಿ ವಿತರಣೆಯ ಕೆಲಸ ಪ್ರತ್ಯೇಕ ಕಂಪನಿಗಳ ಪಾಲಾಗಿ, ಹುಬ್ಬಳ್ಳಿಯ ನವನಗರದಲ್ಲಿ ಕೇಂದ್ರ ಕಚೇರಿಯಿರುವ ಹೆಸ್ಕಾಂ ಹುಟ್ಟಿತು. ಇಂದಿಗೂ ಹಿರಿಯರ ಬಾಯಲ್ಲಿ ಅದು ‘ಕೆಇಬಿ’ಯೇ. ಆದರೆ ದರ ನಿಗದಿ ಮಾಡುವುದು ಹೆಸ್ಕಾಂ ಅಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ.

ಬಿಲ್ಲಿನಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿರುತ್ತವೆ. ಬಳಸಿದ ಯೂನಿಟ್‌ಗಳ ಶುಲ್ಕ ಒಂದು. ಮಂಜೂರಾದ ಕಿಲೋವಾಟ್‌ಗೆ ಅನುಗುಣವಾಗಿ ಬರುವ ನಿಗದಿತ ಶುಲ್ಕ ಎರಡನೆಯದು. ಮನೆಗೆ ಬೀಗ ಹಾಕಿ ಊರಿಗೆ ಹೋದರೂ ಇದು ತಪ್ಪದು. ಇಂಧನ ಮತ್ತು ವಿದ್ಯುತ್ ಖರೀದಿ ವೆಚ್ಚದ ಹೊಂದಾಣಿಕೆ ಮೂರನೆಯದು. ಸರಕಾರದ ತೆರಿಗೆ ನಾಲ್ಕನೆಯದು. ‘ಬಿಲ್ಲು ಹೆಚ್ಚಾಯಿತು’ ಎನ್ನುವ ಮೊದಲು ಹೆಚ್ಚಾದದ್ದು ಯೂನಿಟ್ಟೋ ದರವೋ ಎಂದು ನೋಡಬೇಕು.

ಇವೆರಡೂ ಬೇರೆ ಬೇರೆ ಎಂಬುದಕ್ಕೆ 2023ರ ಬೇಸಿಗೆಯೇ ಉದಾಹರಣೆ. ಆ ವರ್ಷದ ಮೇ ತಿಂಗಳಲ್ಲಿ ಹೊರಬಿದ್ದ ದರ ಆದೇಶ ಏಪ್ರಿಲ್‌ನಿಂದಲೇ ಅನ್ವಯವಾಯಿತು. ಜೂನ್ ಬಿಲ್ಲಿನಲ್ಲಿ ಹಿಂದಿನ ಬಾಕಿಯೂ ಸೇರಿಕೊಂಡು ಜನ ಬೆಚ್ಚಿಬಿದ್ದರು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಜೂನ್ 22ರಂದು ಬಂದ್‌ಗೆ ಕರೆ ಕೊಟ್ಟಿತು. ಆಗಿನ ಗೃಹಬಳಕೆ ದರದಲ್ಲಿ 100 ಯೂನಿಟ್‌ವರೆಗೆ 4 ರೂ. 75 ಪೈಸೆ, ನೂರು ದಾಟಿದರೆ ಎಲ್ಲ ಯೂನಿಟ್‌ಗೂ 7 ರೂ. ಅಂದರೆ 100 ಯೂನಿಟ್ ಸುಟ್ಟವರಿಗೆ 475 ರೂ.; ಒಂದೇ ಒಂದು ಯೂನಿಟ್ ಹೆಚ್ಚು ಸುಟ್ಟವರಿಗೆ 707 ರೂ. 2024ರ ಏಪ್ರಿಲ್‌ನಿಂದ ಈ ಮೆಟ್ಟಿಲು ಹೋಗಿ ಎಲ್ಲ ಯೂನಿಟ್‌ಗೂ ಒಂದೇ ದರ ಬಂತು.

ಇನ್ನೂರರ ಗೆರೆ

ಆದರೆ ಇನ್ನೊಂದು ಗೆರೆ ಅಷ್ಟರಲ್ಲಾಗಲೇ ಬಂದಿತ್ತು. 2023ರ ಜುಲೈ 1ರಿಂದ ಜಾರಿಗೆ ಬಂದ ‘ಗೃಹಜ್ಯೋತಿ’ ಯೋಜನೆಯ ಪ್ರಕಾರ, 2022–23ರಲ್ಲಿ ಆ ಮನೆಯ ತಿಂಗಳ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿದರೆ ಬರುವ ಅಂಕೆಯೇ ಅದರ ಉಚಿತ ಮಿತಿ. ಆ ಮಿತಿ ಮೀರಿಯೂ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್‌ಗಳಿಗಷ್ಟೇ ಹಣ ಕಟ್ಟಬೇಕು. 200 ದಾಟಿದ ತಿಂಗಳು ಮಾತ್ರ ಪೂರ್ತಿ ಬಿಲ್ಲು ಮನೆಯವರದು. ನೂರಾತೊಂಬತ್ತರಲ್ಲಿ ನಿಂತ ಮನೆಗೂ ಇನ್ನೂರಾ ಐದು ಮುಟ್ಟಿದ ಮನೆಗೂ ವ್ಯತ್ಯಾಸ ಸಾವಿರ ರೂಪಾಯಿ ದಾಟಬಹುದು. ಒಂದು ತಿಂಗಳ ಟ್ಯೂಷನ್ ಫೀಗೆ ಸಮನಾದ ಈ ಹಣವೆಲ್ಲ ನಿಂತಿರುವುದು ಹದಿನೈದು ಯೂನಿಟ್‌ಗಳ ಮೇಲೆ. ಆ ಹದಿನೈದು ಎಲ್ಲಿ ಹೋದವು ಎಂದು ಪತ್ತೆ ಹಚ್ಚುವುದು ಅದಕ್ಕೇ ಮುಖ್ಯ.

ಹಂಡೆ ಹೋಯಿತು, ಗೀಸರ್ ಬಂತು

ಒಂದು ಕಾಲಕ್ಕೆ ಧಾರವಾಡದ ಬಚ್ಚಲುಮನೆಯಲ್ಲಿ ತಾಮ್ರದ ಹಂಡೆ ಇರುತ್ತಿತ್ತು, ಕೆಳಗೆ ಕಟ್ಟಿಗೆ ಉರಿಯುತ್ತಿತ್ತು. ಈಗ ಅದೇ ಗೋಡೆಯ ಮೇಲೆ ಗೀಸರ್ ಇದೆ. ಮನೆಯ ಉಪಕರಣಗಳಲ್ಲಿ ದೊಡ್ಡ ಹೊಟ್ಟೆ ಇದರದೇ; ಸಾಮಾನ್ಯವಾಗಿ 2000 ವಾಟ್. ನೀರಿಗೆ ಬಿಸಿ ಹಿಡಿಸುವುದು ಸುಲಭವಲ್ಲ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕೇ ಬೇಕು. ಇದು ಭೌತಶಾಸ್ತ್ರದ ಲೆಕ್ಕ. ಯಾವ ಕಂಪನಿಯ ಗೀಸರ್ ತಂದರೂ ಕಡಿಮೆಯಾಗದು. ಅಡಿಗೆಮನೆಯ ಇಂಡಕ್ಷನ್ ಒಲೆ, ಬಕೆಟ್ಟಿನಲ್ಲಿ ಇಳಿಬಿಡುವ ಕಾಯಿಲ್ ಇದೇ ಜಾತಿಯವು. ಸಪ್ತಾಪುರದಲ್ಲಿ ಬಾಡಿಗೆ ರೂಮು ಹಿಡಿದು ಪರೀಕ್ಷೆಗೆ ಓದುವ ಹುಡುಗರ ಬಿಲ್ಲು ಏರಿದರೆ ಮೊದಲು ಅನುಮಾನ ಪಡಬೇಕಾದದ್ದು ಇವುಗಳ ಮೇಲೆ, ಮೊಬೈಲ್ ಚಾರ್ಜರಿನ ಮೇಲಲ್ಲ. ಬಿಸಿ ಮಾಡುವ ಯಂತ್ರಗಳಿಗೂ ಬೆಳಕು ಕೊಡುವ ಯಂತ್ರಗಳಿಗೂ ಅಜಗಜಾಂತರ.

ಸದ್ದು ಮಾಡುವವರು, ಸುಮ್ಮನೆ ಕೂತವರು

ಅವಳಿ ನಗರದ ಮನೆಗಳಲ್ಲಿ ಇನ್ನೊಂದು ವಿಶೇಷವಿದೆ. 2008ರಲ್ಲಿ ಕೆಲವು ವಾರ್ಡ್‌ಗಳಿಗೆ ದಿನದ 24 ಗಂಟೆ ನೀರು ಕೊಡುವ ಪ್ರಯೋಗ ಆರಂಭವಾಯಿತು. ಉಳಿದೆಡೆ ದಿನಗಟ್ಟಲೆ ಅಂತರದಲ್ಲಿ ನೀರು ಬಿಡುವ ರೂಢಿಯಿಂದಾಗಿ ಮನೆಮನೆಗೂ ಸಂಪು, ಸಂಪಿಗೊಂದು ಮೋಟಾರು ಬಂದವು. ಮೋಟಾರು ಹಚ್ಚಿದರೆ ಓಣಿಗೆಲ್ಲ ಕೇಳುತ್ತದೆ. ಬಿಲ್ಲಿನ ಅಪವಾದವೂ ಅದರ ತಲೆಗೇ ಬರುತ್ತದೆ. ಲೆಕ್ಕ ಹಾಕಿದರೆ ಅರ್ಧ ಎಚ್‌ಪಿ ಮೋಟಾರು ದಿನಕ್ಕೆ ಅರ್ಧ ತಾಸು ನಡೆದರೂ ತಿಂಗಳಿಗೆ ಎಂಟು ಯೂನಿಟ್ ಆದೀತು. ಮಿಕ್ಸರಿನದೂ ಇದೇ ಕಥೆ. ಗದ್ದಲ ದೊಡ್ಡದು, ಕೆಲಸ ಹತ್ತು ನಿಮಿಷದ್ದು. ಆದರೆ ಫುಟ್‌ವಾಲ್ವ್ ಸೋರಿ ಮೋಟಾರು ನೀರೆತ್ತದೆ ಸುಮ್ಮನೆ ತಿರುಗುತ್ತಿದ್ದರೆ, ಟಾಕಿ ತುಂಬಿ ಹರಿದರೂ ಯಾರೂ ನೋಡದಿದ್ದರೆ ಈ ಎಂಟು ಮೂವತ್ತಾಗಬಹುದು.

ನಿಜವಾದ ಖರ್ಚು ಸುಮ್ಮನೆ ಕೂತವರದು. 75 ವಾಟ್‌ನ ಹಳೆಯ ಫ್ಯಾನು ಚಿಕ್ಕದೆನಿಸುತ್ತದೆ, ಆದರೆ ಅದು ತಿರುಗುವ ಗಂಟೆಗಳು ಬಹಳ. ಫ್ರಿಜ್ಜಿಗಂತೂ ರಜೆಯೇ ಇಲ್ಲ. ಸೆಟ್‌ಟಾಪ್ ಬಾಕ್ಸು ಟಿವಿ ಬಂದ್ ಆದ ಮೇಲೂ ಎಚ್ಚರವಿದ್ದು, 10 ವಾಟ್‌ನದಾದರೆ ತಿಂಗಳಿಗೆ ಏಳು ಯೂನಿಟ್ ನುಂಗುತ್ತದೆ. ಮೋಟಾರಿನಷ್ಟೇ ಖರ್ಚು, ಒಂದಿಷ್ಟೂ ಸದ್ದಿಲ್ಲದೆ.

ನಾಲ್ವರ ಸಾಧಾರಣ ಮನೆಯೊಂದರ ಅಂದಾಜು ಲೆಕ್ಕ ಹೀಗಾಗಬಹುದು. ಗೀಸರ್ ದಿನಕ್ಕೆ ಮುಕ್ಕಾಲು ಗಂಟೆ, ತಿಂಗಳಿಗೆ 45 ಯೂನಿಟ್. ಎರಡು ಹಳೆಯ ಫ್ಯಾನು ಹತ್ತು ಹತ್ತು ಗಂಟೆ, 45. ಫ್ರಿಜ್ 30. ದೀಪಗಳು 15. ಟಿವಿ ಮತ್ತು ಬಾಕ್ಸು 16. ಮೋಟಾರು 8. ಮಿಕ್ಸರ್, ಇಸ್ತ್ರಿ, ಬಟ್ಟೆ ತೊಳೆಯುವ ಯಂತ್ರ ಸೇರಿ 9. ಒಟ್ಟು 168. ಈ ಮನೆಯ ಹಳೆಯ ಸರಾಸರಿ 160 ಇದ್ದರೆ ಉಚಿತ ಮಿತಿ 176, ಬಿಲ್ಲು ಸೊನ್ನೆ.

ಈಗ ಮಳೆಗಾಲದ ಥಂಡಿ ಹಿಡಿಯಿತೆನ್ನಿ. ಬೆಳಿಗ್ಗೆ ಹಚ್ಚಿದ ಗೀಸರ್ ಎಲ್ಲರ ಸ್ನಾನ ಮುಗಿಯುವ ತನಕ ಬಂದ್ ಆಗುವುದಿಲ್ಲ. ಬಳಕೆ ದುಪ್ಪಟ್ಟಾಗಿ 90 ಯೂನಿಟ್ ಆಗುತ್ತದೆ. ಒಟ್ಟು 213. ಗೆರೆ ದಾಟಿತು, ಪೂರ್ತಿ ಬಿಲ್ಲು ಬಂತು. ಅದೇ ಮನೆ ಎರಡು ಹಳೆಯ ಫ್ಯಾನು ಬದಲಿಸಿ 30 ವಾಟ್‌ನ ಬಿಎಲ್‌ಡಿಸಿ ಫ್ಯಾನು ಹಾಕಿದ್ದರೆ 27 ಯೂನಿಟ್ ಉಳಿದು 186ಕ್ಕೆ ನಿಲ್ಲುತ್ತಿತ್ತು. ಹಣ ಕಟ್ಟುವುದು ಹತ್ತು ಯೂನಿಟ್‌ಗಷ್ಟೇ. ಸ್ನಾನಗಳನ್ನು ಒಂದರ ಹಿಂದೆ ಒಂದು ಮುಗಿಸಿ ಗೀಸರ್ ಬೇಗ ಬಂದ್ ಮಾಡಿದ್ದರೂ ಅದೇ ಫಲ. ಎಸಿ ಇರುವ ಮನೆಯ ಮಾತು ಬೇರೆ. ಒಂದೂವರೆ ಟನ್ನಿನ ಎಸಿ ಏಪ್ರಿಲ್ ಬಿಸಿಲಲ್ಲಿ ದಿನಕ್ಕೆ ಆರು ಗಂಟೆ ನಡೆದರೆ ಅದೊಂದೇ ಇನ್ನೂರರ ಹತ್ತಿರ ಬಂದು ನಿಲ್ಲಬಹುದು.

ಕೆಂಪು ದೀಪದ ಲೆಕ್ಕ

ಇವೆಲ್ಲ ಅಂದಾಜು. ನಿಜ ತಿಳಿಯಲು ವಿದ್ಯಾರ್ಥಿಗಳು ಮನೆಯಲ್ಲೇ ಮಾಡಬಹುದಾದ ಪ್ರಯೋಗವೊಂದಿದೆ. ಬೇಕಾದದ್ದು ಗಡಿಯಾರ, ಪೆನ್ನು, ನೋಟುಬುಕ್ಕು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂಬುದನ್ನು ಮೀಟರಿನ ಮೇಲೆಯೇ ಮುದ್ರಿಸಿರುತ್ತಾರೆ. 1600, 3200 ಇಂಥ ಅಂಕೆಗಳು. ಒಂದು ನಿಮಿಷದಲ್ಲಿ ದೀಪ ಎಷ್ಟು ಸಲ ಮಿನುಗಿತೆಂದು ಎಣಿಸಿ, ಅದನ್ನು 60,000ದಿಂದ ಗುಣಿಸಿ, ಮೀಟರಿನ ಮೇಲಿನ ಅಂಕೆಯಿಂದ ಭಾಗಿಸಿದರೆ ಆ ಕ್ಷಣದಲ್ಲಿ ಮನೆ ಎಷ್ಟು ವಾಟ್ ಎಳೆಯುತ್ತಿದೆ ಎಂದು ತಿಳಿಯುತ್ತದೆ. ಅಂಕೆ 3200 ಇದ್ದು, ನಿಮಿಷಕ್ಕೆ 32 ಮಿನುಗು ಬಂದರೆ 600 ವಾಟ್. ಎಲ್ಲ ಬಂದ್ ಮಾಡಿ ಗೀಸರ್ ಒಂದನ್ನೇ ಹಚ್ಚಿದರೆ ನಿಮಿಷಕ್ಕೆ ನೂರರ ಮೇಲೆ. ಎಣಿಸುವವರಿಗೆ ಬೆವರು ಬಂದೀತು! ಹೀಗೆ ಒಂದೊಂದೇ ಉಪಕರಣ ಹಚ್ಚಿ ನೋಡುತ್ತ ಹೋದರೆ ಮನೆಯ ಜಾತಕ ಸಿದ್ಧವಾಗುತ್ತದೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮಹತ್ವದ್ದು. ಎಲ್ಲ ಪ್ಲಗ್ಗು ಕಿತ್ತು, ಎಲ್ಲ ಸ್ವಿಚ್ಚು ಬಂದ್ ಮಾಡಿ, ಮೇನ್ ಮಾತ್ರ ಹಾಗೇ ಬಿಟ್ಟು ಐದು ನಿಮಿಷ ದೀಪ ನೋಡಬೇಕು. ಆಗಲೂ ಮಿನುಗಿದರೆ ವೈರಿಂಗಿನಲ್ಲಿ ಎಲ್ಲೋ ಸೋರಿಕೆ ಇರಬಹುದು. ಮಳೆಗಾಲದಲ್ಲಿ ಗೋಡೆ ತೇವ ಹಿಡಿದ ಹಳೆಯ ಮನೆಗಳಲ್ಲಿ ಇದು ಅಪರೂಪವಲ್ಲ. ಇಲ್ಲಿ ಹೋಗುವುದು ಹಣವಷ್ಟೇ ಅಲ್ಲ, ಶಾಕ್ ಹೊಡೆದು ಜೀವಕ್ಕೂ ಅಪಾಯ. ಕೂಡಲೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಯಬೇಕು. ಮೇನ್ ಬಂದ್ ಮಾಡಿದ ಮೇಲೂ ಮಿನುಗಿದರೆ ದೋಷ ಮೀಟರಿನಲ್ಲಿರಬಹುದು, ಇಲ್ಲವೇ ಮೀಟರಿನಿಂದ ಇನ್ಯಾರಿಗೋ ತಂತಿ ಹೋಗಿರಬಹುದು. ಮಕ್ಕಳು ಮಾಡಬೇಕಾದದ್ದು ನೋಡುವುದು, ಎಣಿಸುವುದು ಅಷ್ಟೇ. ಮೇನ್ ಸ್ವಿಚ್ಚಿನ ಕೆಲಸ ದೊಡ್ಡವರದು. ಮೀಟರಿನ ಸೀಲು ಮುಟ್ಟುವ ಕೆಲಸ ಯಾರದೂ ಅಲ್ಲ.

ಚೀಟಿಯ ಮೇಲಿನ ದಿನಾಂಕಗಳನ್ನೂ ನೋಡಬೇಕು. ಹಿಂದಿನ ರೀಡಿಂಗ್‌ಗೂ ಈ ರೀಡಿಂಗ್‌ಗೂ ನಡುವೆ 28 ದಿನವೂ ಇರಬಹುದು, 33 ದಿನವೂ ಇರಬಹುದು. ದಿನಕ್ಕೆ ಆರು ಯೂನಿಟ್‌ನ ಮನೆಯಲ್ಲಿ ಈ ಐದು ದಿನಗಳೇ ಮೂವತ್ತು ಯೂನಿಟ್. ಆದ್ದರಿಂದ ಬಿಲ್ಲಿಗೆ ಬಿಲ್ಲು ಹೋಲಿಸದೆ ದಿನದ ಸರಾಸರಿಗೆ ದಿನದ ಸರಾಸರಿ ಹೋಲಿಸುವುದು ನ್ಯಾಯ. ಬಾಗಿಲಿಗೆ ಬೀಗವಿದ್ದ ತಿಂಗಳು ಸರಾಸರಿಯ ಮೇಲೆ ಬಿಲ್ಲು ಹಾಕಿದ್ದರೆ ಮುಂದಿನ ತಿಂಗಳಿನ ಅಂಕೆ ಏರುಪೇರಾಗುತ್ತದೆ.

ಇಷ್ಟಾಗಿಯೂ ಲೆಕ್ಕ ಕೂಡದಿದ್ದರೆ ದೂರು ಕೊಡಲು ದಾರಿಗಳಿವೆ. ಮೊದಲು ಉಪವಿಭಾಗದ ಕಚೇರಿ ಅಥವಾ 1912 ಸಹಾಯವಾಣಿ. ಶುಲ್ಕ ಕಟ್ಟಿ ಮೀಟರ್ ಪರೀಕ್ಷೆ ಮಾಡಿಸಬಹುದು. ಅಲ್ಲಿಯೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ‘ಬಿಲ್ಲು ಬಹಳ ಬಂದೈತ್ರಿ’ ಎಂಬ ಬಾಯಿಮಾತಿನ ದೂರಿಗಿಂತ, ಹದಿನೈದು ದಿನ ಬೆಳಿಗ್ಗೆ ಏಳಕ್ಕೆ ಬರೆದಿಟ್ಟ ಮೀಟರ್ ಅಂಕೆಗಳ ಒಂದು ಹಾಳೆ ಅಲ್ಲಿ ಹೆಚ್ಚು ತೂಕದ್ದು. ಆ ಹಾಳೆ ಬರೆಯಲು ದಿನಕ್ಕೆ ಒಂದು ನಿಮಿಷ ಸಾಕು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಆ ಒಂದು ನಿಮಿಷದ ಕೆಲಸವನ್ನು ಅವರಿಗೇ ಒಪ್ಪಿಸಬಹುದು.